‘ಎಂತ ಇಲ್ಲ ಅಕ್ಕ’: ಹದಿಹರೆಯದವರಿಗೆ ಚಿಕಿತ್ಸೆ ಬೇಕು ಅಂತ ತಿಳಿಯುವುದು ಹೇಗೆ?

ನಮ್ಮಲ್ಲಿ ಬಹಳ ಜನರಿಗೆ ಮನೆಯಲ್ಲಿ ತಮ್ಮನೋ ತಂಗಿಯೋ ಇದ್ದಾರೆ. ನಾವು ಹಾಸ್ಟೆಲಿನಲ್ಲಿ, ಅವರು ಹತ್ತನೆಯೋ ಹನ್ನೆರಡನೆಯೋ ತರಗತಿಯಲ್ಲಿ. ವಾರಕ್ಕೆರಡು ಸಲ ವಿಡಿಯೊ ಕಾಲ್ ಮಾಡ್ತೀವಿ, ಹೇಗಿದ್ದೀಯ ಅಂತ ಕೇಳ್ತೀವಿ, ಒಂದೇ ಸಾಲಿನ ಉತ್ತರ ಬರುತ್ತೆ, ಅಷ್ಟರಲ್ಲಿ ಫೋನು ಅಮ್ಮನ ಕೈಗೆ ಹೋಗಿರುತ್ತೆ. ನನ್ನ ತಮ್ಮನ ಉತ್ತರ ಯಾವಾಗಲೂ “ಎಂತ ಇಲ್ಲ ಅಕ್ಕ” ಅಂತಲೇ. ಆ ಮಾತನ್ನು ನಾನು ನಾಲ್ಕು ತಿಂಗಳು ನಂಬಿದೆ. ಈ ಲೇಖನ ಬರೆಯಲು ಅದೇ ಕಾರಣ. ಅವನಿಗೆ ತೋರಿಸಿ, ಅವನ ಒಪ್ಪಿಗೆ ಪಡೆದೇ ಬರೆದಿದ್ದೇನೆ.

ನಮ್ಮ ಮನೆ ಇರುವುದು ಮಸ್ಕತ್ತಿನ ವಾದಿ ಅದಾಯ್‌ನಲ್ಲಿ. ತಮ್ಮ ಆಗ ಹನ್ನೊಂದನೆಯ ತರಗತಿ. ಶುಕ್ರವಾರ ಬೆಳಿಗ್ಗೆ ಬಿಸಿಲು ಏರುವ ಮೊದಲು ಹುಡುಗರ ಜೊತೆ ಕ್ರಿಕೆಟ್ ಆಡುವುದು ಅವನ ವಾರದ ಹಬ್ಬ. ಅದು ನಿಂತಿತು. ಭಾನುವಾರ ಶಾಲೆ ಶುರುವಾಗುವ ಹೊತ್ತಿಗೆ ಹೊಟ್ಟೆನೋವು ಬರತೊಡಗಿತು. ರಾತ್ರಿ ಮೂರು ಗಂಟೆಗೂ ಆನ್‌ಲೈನ್ ಇರುತ್ತಿದ್ದ. “ಮೊಬೈಲ್ ಹುಚ್ಚು ಮಗಾ, ಮಾರ್ಕ್ಸ್ ಏನೂ ಕಮ್ಮಿ ಆಗ್ಲಿಲ್ಲ” ಅಂದರು ಅಮ್ಮ. ನಾನೂ ಹೂಂ ಅಂದೆ. ಆಮೇಲೊಂದು ದಿನ ಅಮ್ಮ ಹೆಮ್ಮೆಯಿಂದ ಹೇಳಿದರು: “ಅವನ ಬ್ಯಾಟನ್ನು ಪಕ್ಕದ ಫ್ಲಾಟಿನ ಹುಡುಗನಿಗೆ ಕೊಟ್ಟುಬಿಟ್ಟ, ಎಷ್ಟು ಒಳ್ಳೆ ಮನಸ್ಸು ನೋಡು.” ಆ ಬ್ಯಾಟು ಯಾರಾದರೂ ಮುಟ್ಟಿದರೆ ಜಗಳಕ್ಕೆ ಬರುತ್ತಿದ್ದವನು ಅವನು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇದು ಅಪರೂಪವಲ್ಲ

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಜಗತ್ತಿನ 10ರಿಂದ 19 ವರ್ಷದ ಮಕ್ಕಳಲ್ಲಿ 7 ಜನರಲ್ಲಿ ಒಬ್ಬರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರ ಪೈಕಿ ಶೇ. 7.3ರಷ್ಟು ಮಕ್ಕಳಲ್ಲಿ ಇಂಥ ತೊಂದರೆ ಕಂಡುಬಂತು. ಅಂದರೆ 30 ಮಕ್ಕಳ ತರಗತಿಯಲ್ಲಿ ಸುಮಾರು ಇಬ್ಬರು. ನಮ್ಮ ಶಾಲೆಯ ಗ್ರೂಪ್ ಫೋಟೊ ತೆಗೆದು ಲೆಕ್ಕ ಹಾಕಿ ನೋಡಿ. ಆ ಇಬ್ಬರು ಯಾರು ಅಂತ ನಮಗೆ ಆಗ ಗೊತ್ತಿತ್ತಾ?

ವಯಸ್ಸಿನ ಮುನಿಸೋ, ಸಹಾಯದ ಅಗತ್ಯವೋ?

ಬಾಗಿಲು ಹಾಕಿಕೊಳ್ಳುವುದು, ಎದುರು ಮಾತನಾಡುವುದು, ಒಂದು ವಾರ ಮುಖ ಊದಿಸಿಕೊಳ್ಳುವುದು ಇವೆಲ್ಲ ಆ ವಯಸ್ಸಿನಲ್ಲಿ ಸಹಜ. ನಾವೂ ಮಾಡಿದ್ದೇವೆ. ಆದ್ದರಿಂದ ಒಂದೊಂದು ಲಕ್ಷಣವನ್ನೇ ಬಿಡಿಯಾಗಿ ಹಿಡಿದು ಹೆದರಬೇಕಿಲ್ಲ. ಬದಲು ನಾಲ್ಕು ಪ್ರಶ್ನೆ ಕೇಳಿಕೊಳ್ಳಿ.

ಮೊದಲನೆಯದು, ಬದಲಾವಣೆ. ಬೇರೆ ಮಕ್ಕಳಿಗೆ ಹೋಲಿಸಬೇಡಿ, ಅವರ ಹಿಂದಿನ ಸ್ವಭಾವಕ್ಕೇ ಹೋಲಿಸಿ. ಮೊದಲಿನಿಂದ ಮಿತಭಾಷಿಯಾದ ಹುಡುಗಿ ಸುಮ್ಮನಿದ್ದರೆ ಅದು ಅವಳ ಗುಣ. ಮನೆ ತುಂಬ ಹರಟುತ್ತಿದ್ದವಳು ಸುಮ್ಮನಾದರೆ ಗಮನಿಸಬೇಕು.

ಎರಡನೆಯದು, ಅವಧಿ. ಪರೀಕ್ಷೆ ಕೆಟ್ಟಾಗ, ಸ್ನೇಹಿತರು ದೂರವಾದಾಗ ನಾಲ್ಕಾರು ದಿನ ಬೇಜಾರು ಇದ್ದದ್ದೇ. ಎರಡು ವಾರ, ಹೆಚ್ಚುಕಡಿಮೆ ಪ್ರತಿದಿನ, ದಿನದ ಬಹುಪಾಲು ಹಾಗೇ ಇದ್ದರೆ ವೈದ್ಯರು ಖಿನ್ನತೆಯ ಸಾಧ್ಯತೆಯನ್ನು ಪರಿಗಣಿಸುತ್ತಾರೆ. ಇಲ್ಲೊಂದು ಮುಖ್ಯ ಮಾತು: ದೊಡ್ಡವರಲ್ಲಿ ಖಿನ್ನತೆ ಅಂದರೆ ಅಳು, ಮೌನ ಅಂದುಕೊಳ್ಳುತ್ತೇವೆ. ಹದಿಹರೆಯದಲ್ಲಿ ಅದು ಬಹಳ ಸಲ ಸಿಡಿಮಿಡಿಯಾಗಿ, ಸಿಟ್ಟಾಗಿ ಕಾಣುತ್ತದೆ. ‘ಸೊಕ್ಕು’ ಅಂತ ಬೈಸಿಕೊಳ್ಳುವ ಎಷ್ಟೋ ಮಕ್ಕಳು ನಿಜಕ್ಕೂ ಸಂಕಟದಲ್ಲಿರುತ್ತಾರೆ.

ಮೂರನೆಯದು, ವ್ಯಾಪ್ತಿ. ಮನೆಯಲ್ಲಿ ಗುರ್ ಅಂದರೂ ಗೆಳೆಯರ ಜೊತೆ ನಗುತ್ತಿದ್ದರೆ ಅಷ್ಟು ಆತಂಕ ಬೇಡ. ಮನೆ, ಶಾಲೆ, ಆಟ, ಗೆಳೆತನ ಎಲ್ಲ ಕಡೆಯೂ ಬೆಳಕು ಕಡಿಮೆಯಾಗುತ್ತಾ ಬಂದರೆ ಅದು ಬೇರೆ.

ನಾಲ್ಕನೆಯದು, ಅಡ್ಡಿ. ನಿದ್ದೆ, ಊಟ, ಸ್ನಾನ, ಓದು, ಶಾಲೆಗೆ ಹೋಗುವುದು ಇವುಗಳಲ್ಲಿ ಯಾವುದು ಕೆಟ್ಟಿದೆ? ಮಾರ್ಕ್ಸ್ ಒಂದನ್ನೇ ಅಳತೆಗೋಲು ಮಾಡಿಕೊಳ್ಳಬೇಡಿ. ನಮ್ಮ ಗಲ್ಫ್ ಮನೆಗಳಲ್ಲಿ ಆಗುವ ತಪ್ಪೇ ಇದು. ಕೆಲವು ಮಕ್ಕಳು ಒಳಗೆ ಕುಸಿಯುತ್ತಿದ್ದರೂ ಮಾರ್ಕ್ಸ್ ಮಾತ್ರ ಹಿಡಿದುಕೊಂಡಿರುತ್ತಾರೆ.

ನಾಲ್ಕಕ್ಕೂ ‘ಹೌದು’ ಅನ್ನುವ ಉತ್ತರ ಬಂದರೆ ಕಾಯಬೇಡಿ. ಎರಡಕ್ಕೋ ಮೂರಕ್ಕೋ ಬಂದರೂ ಒಬ್ಬ ತಜ್ಞರ ಹತ್ತಿರ ಮಾತಾಡುವುದರಲ್ಲಿ ನಷ್ಟವಿಲ್ಲ.

ಎರಡು ವಾರ ಕಾಯಬಾರದ ಲಕ್ಷಣಗಳು

‘ನಾನು ಇಲ್ಲದಿದ್ರೇ ಒಳ್ಳೇದು’, ‘ಎಲ್ಲರಿಗೂ ನಾನು ಭಾರ’ ಎಂಬ ಮಾತು, ತಮಾಷೆಯಾಗಿ ಹೇಳಿದರೂ. ತನಗೆ ತಾನೇ ಗಾಯ ಮಾಡಿಕೊಳ್ಳುವುದು. ಪ್ರೀತಿಯ ವಸ್ತುಗಳನ್ನು ಹಂಚಿಬಿಡುವುದು. ವಿದಾಯದಂಥ ಮೆಸೇಜುಗಳು. ಬಹಳ ದಿನ ಕುಗ್ಗಿದ್ದವರು ಕಾರಣವಿಲ್ಲದೆ ಒಮ್ಮೆಲೇ ಶಾಂತರಾಗುವುದು. ಇವು ಕಂಡರೆ ಅದೇ ದಿನ ನೇರವಾಗಿ ಕೇಳಬೇಕು: ‘ಸಾಯಬೇಕು ಅನ್ನುವ ಯೋಚನೆ ಬಂದಿದೆಯಾ?’

ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದ ಹಾಗಾಗುತ್ತೆ ಅನ್ನುವ ಭಯ ನನಗೂ ಇತ್ತು. ಅಧ್ಯಯನಗಳು ಹೇಳುವುದು ಹಾಗಾಗುವುದಿಲ್ಲ ಅಂತ. ಒಳಗೆ ಅದನ್ನು ಒಬ್ಬರೇ ಹೊತ್ತವರಿಗೆ ಬಾಯಿಬಿಡಲು ದಾರಿ ಸಿಗುತ್ತದೆ. ಮರುದಿನ ನಾನು ತಮ್ಮನನ್ನು ಹಾಗೇ ಕೇಳಿದೆ. ತುಂಬ ಹೊತ್ತು ಮಾತಿಲ್ಲ. ಆಮೇಲೆ ಮೆಲ್ಲಗೆ, “ನಿಂಗೆ ಹ್ಯಾಗೆ ಗೊತ್ತಾಯ್ತು?” ಅಂದ. “ಅಮ್ಮಂಗೆ ಹೇಳ್ಬೇಡ” ಅಂತಲೂ ಅಂದ. ಅದೊಂದು ಮಾತು ನಾನು ಕೊಡಲಿಲ್ಲ. ನೀವೂ ಕೊಡಬೇಡಿ. “ನಿನ್ನ ಬೆನ್ನ ಹಿಂದೆ ಹೇಳೋದಿಲ್ಲ, ನೀನು ಲೈನಲ್ಲಿ ಇರುವಾಗಲೇ ಇಬ್ಬರೂ ಸೇರಿ ಹೇಳುವ” ಅಂದೆ. ಹಾಗೇ ಮಾಡಿದೆವು. ಅಪ್ಪ ಡ್ಯೂಟಿಯಿಂದ ಅರ್ಧಕ್ಕೇ ಮನೆಗೆ ಬಂದರು.

ಅಪಾಯ ಹತ್ತಿರದಲ್ಲಿದೆ ಅನ್ನಿಸಿದರೆ ಅವರನ್ನು ಒಂಟಿಯಾಗಿ ಬಿಡಬಾರದು. ಮನೆಯಲ್ಲಿರುವ ಔಷಧಿಗಳನ್ನು ಬೀಗ ಹಾಕಿಡಬೇಕು. ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಬೇಕು. ಒಮಾನಿನಲ್ಲಿ ತುರ್ತು ಸಂಖ್ಯೆ 9999.

ಎಲ್ಲಿಗೆ ಹೋಗುವುದು?

ವಾದಿ ಅದಾಯ್‌ನಿಂದ ಗುಡ್ಡಗಳ ಸಂದಿಯಲ್ಲಿ ಅಮರಾತ್ ಕಡೆಗೆ ಹೋಗುವ ರಸ್ತೆಯಲ್ಲಿ ನಾವು ಎಷ್ಟು ಸಲ ಓಡಾಡಿದ್ದೇವೋ ಲೆಕ್ಕವಿಲ್ಲ. ಒಮಾನ್ ಸರ್ಕಾರದ ಮಾನಸಿಕ ಆಸ್ಪತ್ರೆ ಅಲ್ ಮಸರ್ರಾ ಇರುವುದು ಆ ಅಮರಾತ್‌ನಲ್ಲೇ. ಮಸರ್ರಾ ಅಂದರೆ ಅರಬ್ಬಿಯಲ್ಲಿ ಸಂತೋಷ. ಸುಲ್ತಾನ್ ಕಾಬೂಸ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲೂ ಮನೋವೈದ್ಯಕೀಯ ವಿಭಾಗವಿದೆ. ಆದರೆ ಎಲ್ಲರೂ ನೇರ ದೊಡ್ಡ ಆಸ್ಪತ್ರೆಗೇ ಓಡಬೇಕಿಲ್ಲ. ಜ್ವರ ಬಂದಾಗ ತೋರಿಸುವ ಕ್ಲಿನಿಕ್ಕಿನ ವೈದ್ಯರಿಂದಲೇ ಶುರುಮಾಡಿ. ರಕ್ತಹೀನತೆ, ಥೈರಾಯ್ಡ್ ತೊಂದರೆಗಳೂ ಸುಸ್ತು, ಮಂಕು ತರುತ್ತವೆ, ಅವನ್ನು ಮೊದಲು ಪರೀಕ್ಷಿಸುತ್ತಾರೆ. ಆಮೇಲೆ ಮನಶ್ಶಾಸ್ತ್ರಜ್ಞರ ಹತ್ತಿರ ಕಳುಹಿಸಿ ಅಂತ ಕೇಳಿ. ವಿಮೆಯಲ್ಲಿ ಇದಕ್ಕೆ ಹಣ ಸಿಗುತ್ತದಾ ಅಂತಲೂ ಮೊದಲೇ ವಿಚಾರಿಸಿ. ಶಾಲೆಯಲ್ಲಿ ಕೌನ್ಸೆಲರ್ ಇದ್ದರೆ ಅದೂ ಒಂದು ಬಾಗಿಲು.

ಊರಿನಲ್ಲಿರುವ ತಮ್ಮ ತಂಗಿಯರಿಗಾದರೆ ‘ಟೆಲಿ ಮಾನಸ್’ ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಭಾರತ ಸರ್ಕಾರದ ಈ ಉಚಿತ ಸೇವೆಗೆ ಭಾರತದಲ್ಲಿ 14416 ಒತ್ತಿದರೆ ಸಾಕು. ಹಗಲು ರಾತ್ರಿ, ಕನ್ನಡದಲ್ಲೂ ಮಾತಾಡುತ್ತಾರೆ.

ಥೆರಪಿ ಅಂದರೆ ಏನು ನಡೆಯುತ್ತೆ?

ತಮ್ಮನ ಮೊದಲ ಭಯ ‘ಮಾತ್ರೆ ಕೊಟ್ಟು ಮಲಗಿಸ್ತಾರಾ?’ ಎಂಬುದು. ಹಾಗಿಲ್ಲ. ಮನಶ್ಶಾಸ್ತ್ರಜ್ಞರು ಸಾಮಾನ್ಯವಾಗಿ ವಾರಕ್ಕೊಮ್ಮೆ ಮುಕ್ಕಾಲು ಗಂಟೆ ಕೂತು ಮಾತಾಡುತ್ತಾರೆ. ‘ನನ್ನಿಂದ ಏನೂ ಆಗಲ್ಲ’ ಎಂಬ ಯೋಚನೆ ಎಲ್ಲಿಂದ ಹುಟ್ಟುತ್ತೆ, ಅದು ಎಷ್ಟು ನಿಜ ಅಂತ ಜೊತೆಗೂಡಿ ಪರೀಕ್ಷಿಸುತ್ತಾರೆ. ನಿದ್ದೆಯ ಹೊತ್ತು, ಹೊರಗೆ ಹೋಗುವುದು, ಒಬ್ಬ ಗೆಳೆಯನಿಗೆ ಫೋನ್ ಮಾಡುವುದು ಹೀಗೆ ಸಣ್ಣ ಸಣ್ಣ ಕೆಲಸ ಕೊಡುತ್ತಾರೆ. ಮಾತ್ರೆ ಬೇಕೋ ಬೇಡವೋ ಎಂದು ನಿರ್ಧರಿಸುವುದು ಮನೋವೈದ್ಯರು. ಎಲ್ಲರಿಗೂ ಅದು ಬೇಕಾಗುವುದಿಲ್ಲ, ಬೇಕಾದವರಿಗೆ ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಮನೆಯವರನ್ನು ಒಪ್ಪಿಸುವುದು

‘ಡಿಪ್ರೆಶನ್’ ಅಂದ ಕೂಡಲೇ ಅಪ್ಪ ಅಮ್ಮನ ಕಿವಿಗೆ ‘ಹುಚ್ಚು’ ಅಂತ ಕೇಳಿಸಬಹುದು. ಅದಕ್ಕೇ ಕಾಯಿಲೆಯ ಹೆಸರು ಹೇಳಬೇಡಿ, ಕಂಡದ್ದನ್ನು ಹೇಳಿ: ‘ಮೂರು ವಾರದಿಂದ ಸರಿಯಾಗಿ ನಿದ್ದೆ ಮಾಡಿಲ್ಲ, ಎರಡು ತಿಂಗಳಿಂದ ಆಟಕ್ಕೆ ಹೋಗಿಲ್ಲ, ಒಮ್ಮೆ ಡಾಕ್ಟರಿಗೆ ತೋರಿಸುವ.’ ‘ನೀವು ನೋಡಲೇ ಇಲ್ಲ’ ಎಂಬ ದೂರು ಬೇಡ. ನಾನೂ ನೋಡಿರಲಿಲ್ಲ. ಉದಾಹರಣೆ ಬೇಕಾದರೆ ಬೆಂಗಳೂರಿನಲ್ಲಿ ಬೆಳೆದ ದೀಪಿಕಾ ಪಡುಕೋಣೆಯ ವಿಷಯ ಹೇಳಿ. 2014ರಲ್ಲಿ ಆಕೆಯ ವೃತ್ತಿ ಉತ್ತುಂಗದಲ್ಲಿದ್ದಾಗಲೇ ಖಿನ್ನತೆ ಬಂದಿತ್ತು, ಇದು ಬರೀ ಬೇಜಾರಲ್ಲ ಅಂತ ಮೊದಲು ಗುರುತಿಸಿದ್ದು ಅವರ ತಾಯಿ. ಕನ್ನಡ ಓದುವ ಅಮ್ಮನಿಗೆ, ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರ ಪುಸ್ತಕಗಳನ್ನು ಕೊಡಿ. ಮನಸ್ಸಿನ ಕಾಯಿಲೆಗಳ ಬಗ್ಗೆ ತಿಳಿಗನ್ನಡದಲ್ಲಿ ಅವರು ಬಹಳಷ್ಟು ಬರೆದಿದ್ದಾರೆ.

ತಮ್ಮ ಈಗ ಹನ್ನೆರಡನೆಯ ತರಗತಿ ಮುಗಿಸಿದ್ದಾನೆ. ಎಲ್ಲ ಸರಿಹೋಯಿತು ಅನ್ನಲಾರೆ, ಕೆಲವು ದಿನ ಇನ್ನೂ ಕಷ್ಟವೇ. ಆದರೆ ಈಗ “ಇವತ್ತು ಸರಿ ಇಲ್ಲ ಅಕ್ಕ” ಅಂತ ಅವನೇ ಹೇಳುತ್ತಾನೆ. ಪಕ್ಕದ ಫ್ಲಾಟಿನ ಹುಡುಗ ಬ್ಯಾಟನ್ನು ವಾಪಸು ಕೊಡಲು ಒಪ್ಪಲಿಲ್ಲವಂತೆ, ಅಪ್ಪ ಹೊಸದು ತಂದಿದ್ದಾರೆ.

ಈ ವಾರ ಮನೆಗೆ ಫೋನ್ ಮಾಡಿದಾಗ ಓದಿನ ವಿಷಯ ಆಮೇಲೆ ಕೇಳಿ. ಮೊದಲು ‘ರಾತ್ರಿ ನಿದ್ದೆ ಬರ್ತದಾ? ಆಟಕ್ಕೆ ಹೋಗ್ತಿದ್ದೀಯಾ?’ ಅಂತ ಕೇಳಿ. ‘ಎಂತ ಇಲ್ಲ’ ಅಂದರೆ ಫೋನು ಇಡಬೇಡಿ, ಇನ್ನೊಂದು ಸಲ ಕೇಳಿ.