ತಂಬಾಕಿನ ಕೇಡು: ಒಂದು ತರತಮ ವಿವೇಚನೆ

‘ತರತಮ’ ಎಂಬ ಪದವು ಸಂಸ್ಕೃತದ ‘ತರ’, ‘ತಮ’ ಎಂಬೆರಡು ಪ್ರತ್ಯಯಗಳು ಕೂಡಿ ಆದುದು. ಒಂದು ಹೊರೆ ಇನ್ನೊಂದಕ್ಕಿಂತ ‘ಲಘುತರ’ವೆಂದ ಮಾತ್ರಕ್ಕೆ ಅದಕ್ಕೆ ಭಾರವೇ ಇಲ್ಲವೆಂದು ಅರ್ಥವಾಗದು. ತಂಬಾಕಿನ ಹಳೆಯ ಹಾಗೂ ಹೊಸ ರೂಪಗಳನ್ನು ಹೋಲಿಸುವಾಗಲೂ ಈ ವಿವೇಕ ಅವಶ್ಯಕ.

ಸಿಗರೇಟು, ಬೀಡಿಗಳ ಕೇಡಿಗೆ ಮುಖ್ಯ ಕಾರಣ ದಹನ. ಸೇದುವಾಗ ಸಿಗರೇಟಿನ ಕೆಂಡದ ಉಷ್ಣತೆ ಸುಮಾರು 900 ಡಿಗ್ರಿ ಸೆಂಟಿಗ್ರೇಡಿಗೆ ಏರುತ್ತದೆ. ಆ ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿದ್ದು, ಅವುಗಳಲ್ಲಿ ಸುಮಾರು 70 ಕ್ಯಾನ್ಸರ್‌ಕಾರಕಗಳು. 1950ರಲ್ಲಿಯೇ ಇಂಗ್ಲೆಂಡಿನ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಅವರು ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ಸಂಬಂಧವನ್ನು ಪ್ರಕಟಪಡಿಸಿದರು.

ಎರಡನೆಯದು, ತಂಬಾಕನ್ನು ಸುಡದೆ ಸುಮಾರು 350 ಡಿಗ್ರಿಯೊಳಗೆ ಕಾಯಿಸುವ ಸಾಧನ. ಇದರಿಂದ ಹೊರಡುವ ವಿಷವಸ್ತುಗಳಲ್ಲಿ ಹಲವು ಸಿಗರೇಟಿನ ಹೊಗೆಯಲ್ಲಿರುವುದಕ್ಕಿಂತ ಕಡಿಮೆ. ಆದರೆ 2020ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಇಂಥ ಒಂದು ಸಾಧನದ ತಯಾರಕರಿಗೆ, ವಿಷವಸ್ತುಗಳ ಸಂಪರ್ಕ ಕಡಿಮೆಯಾಗುತ್ತದೆಂದು ಹೇಳಿಕೊಳ್ಳಲು ಅನುಮತಿ ಕೊಟ್ಟಿತೇ ಹೊರತು, ರೋಗಭಯ ಕಡಿಮೆಯಾಗುತ್ತದೆಂದು ಹೇಳಿಕೊಳ್ಳಲು ಕೊಡಲಿಲ್ಲ.

ಮೂರನೆಯದಾದ ಇ-ಸಿಗರೇಟಿನಲ್ಲಿ ತಂಬಾಕಿನ ಎಲೆಯೇ ಇಲ್ಲ. ನಿಕೋಟಿನ್ ಬೆರೆತ ಸುವಾಸನೆಯ ದ್ರವವು ಕಾದು ಆವಿಯಾಗುತ್ತದೆ. ಹೊಗೆಗೆ ಹೋಲಿಸಿದರೆ ಈ ಆವಿಯಲ್ಲಿ ವಿಷಾಂಶ ಬಹಳ ಕಡಿಮೆಯೆಂಬುದು ನಿಜ. ಆದರೂ ಅದರಲ್ಲಿ ಫಾರ್ಮಾಲ್ಡಿಹೈಡ್, ಲೋಹದ ಕಣಗಳು ಕಂಡುಬಂದಿವೆ. ಈ ಸಾಧನಗಳು ಬಳಕೆಗೆ ಬಂದು ಎರಡು ದಶಕಗಳು ಮಾತ್ರ ಕಳೆದಿವೆ. ಕ್ಯಾನ್ಸರಾದರೋ ಹಲವು ದಶಕಗಳ ಬಳಿಕ ತಲೆದೋರುವ ರೋಗ.

ಪ್ರಮಾಣ ಕಡಿಮೆಯಾದಷ್ಟೇ ಕೇಡೂ ಕಡಿಮೆಯಾಗುವುದೆಂಬ ಲೆಕ್ಕ ಎಲ್ಲೆಡೆಯೂ ಸಲ್ಲದು. 2018ರಲ್ಲಿ ಪ್ರಕಟವಾದ ಸಂಶೋಧನೆಯೊಂದರ ಪ್ರಕಾರ, ದಿನಕ್ಕೆ ಒಂದೇ ಸಿಗರೇಟು ಸೇದುವವನಿಗೂ ಇಪ್ಪತ್ತು ಸೇದುವವನಿಗೆ ಒದಗುವ ಹೆಚ್ಚುವರಿ ಹೃದ್ರೋಗಭಯದ ಅರ್ಧದಷ್ಟು ತಪ್ಪದು. ಹಗಲೆಲ್ಲ ಆವಿ ಎಳೆದು ರಾತ್ರಿ ಒಂದೆರಡು ಸಿಗರೇಟು ಸೇದುವವನು ಪಾರಾದೆನೆಂದು ಭಾವಿಸುವುದು ಭ್ರಮೆ.

ಹಾಗಾದರೆ ಈ ಹೋಲಿಕೆ ಯಾರಿಗೆ ಸಲ್ಲುತ್ತದೆ? ಬಹುಕಾಲದಿಂದ ಸೇದುತ್ತಿದ್ದು, ಹೊಗೆಯನ್ನು ಸಂಪೂರ್ಣವಾಗಿ ಬಿಡಬಯಸುವ ವಯಸ್ಕನಿಗೆ. ಬ್ರಿಟನ್ನಿನಲ್ಲಿ ಅಂಥವರಿಗೆ ಇ-ಸಿಗರೇಟನ್ನು ಒಂದು ಉಪಾಯವೆಂದು ಸೂಚಿಸುವುದುಂಟು. ಎಂದೂ ಸೇದದ ಬಾಲಕನಿಗಾದರೋ ಹೋಲಿಸಬೇಕಾದದ್ದು ಹೊಗೆಯೊಡನೆ ಅಲ್ಲ, ಶುದ್ಧವಾದ ಗಾಳಿಯೊಡನೆ. ಮೂರರಲ್ಲಿಯೂ ಸಾಮಾನ್ಯವಾಗಿ ಇರುವ ನಿಕೋಟಿನ್, ಬೆಳೆಯುವ ಮಿದುಳನ್ನು ವ್ಯಸನಕ್ಕೆ ಕಟ್ಟಿಹಾಕುತ್ತದೆ.

ಕರ್ನಾಟಕವು 2016ರಲ್ಲಿ ಇ-ಸಿಗರೇಟನ್ನು ನಿಷೇಧಿಸಿತು. 2019ರ ಕೇಂದ್ರ ಕಾಯಿದೆಯು ಕಾಯಿಸುವ ಸಾಧನಗಳನ್ನೂ ಸೇರಿಸಿ ಅವುಗಳ ತಯಾರಿಕೆ, ಆಮದು, ಮಾರಾಟಗಳನ್ನು ದೇಶದಾದ್ಯಂತ ನಿಷೇಧಿಸಿತು. ಆದರೂ ಲೇಖನಿಯಂತೆ ಕಾಣುವ, ಹಣ್ಣಿನ ಪರಿಮಳ ಸೂಸುವ ಈ ವಸ್ತು ವಿದ್ಯಾರ್ಥಿಯ ಕೈಚೀಲದಲ್ಲಿ ಅಡಗಬಲ್ಲದು. ಅಂಥಲ್ಲಿ ಉಪಾಧ್ಯಾಯರು ‘ಎಲ್ಲವೂ ಒಂದೇ ವಿಷ’ ಎಂದು ಗದರಿಸಿದರೆ, ವ್ಯತ್ಯಾಸವನ್ನು ಬೇರೆಡೆ ತಿಳಿದ ಬಾಲಕ ಮುಂದೆ ಅವರ ನಿಜವಾದ ಮಾತನ್ನೂ ನಂಬಲಾರ. ತರತಮವನ್ನು ಇದ್ದಂತೆ ತಿಳಿಸಿ, ಅವನು ಇನ್ನೂ ಹೊರದ ಹೊರೆಯನ್ನು ಹೊರದಂತೆ ಕಾಯುವುದೇ ಗುರುಧರ್ಮ.