ಅಮೆರಿಕದಲ್ಲಿ ಡಾಕ್ಟರಾಗಲು ಪದವಿಯ ನಂತರದ ಓದು: ಸಂಸ್ಥೆಯ ಕೋರ್ಸೋ, ಸ್ವಂತ ಯೋಜನೆಯೋ?

ನಮ್ಮಲ್ಲಿ ಪಿಯುಸಿ ಮುಗಿಸಿ ನೀಟ್ ಬರೆದವರು ನೇರವಾಗಿ ಎಂಬಿಬಿಎಸ್ ಸೇರುತ್ತಾರೆ. ಅಮೆರಿಕದಲ್ಲಿ ಸಾಮಾನ್ಯವಾಗಿ ಮೊದಲು 4 ವರ್ಷದ ಪದವಿ, ಆಮೇಲೆ 4 ವರ್ಷದ ವೈದ್ಯಕೀಯ ಕಾಲೇಜು. ಪದವಿಯಲ್ಲಿ ವಾಣಿಜ್ಯವನ್ನೂ ಓದಿರಬಹುದು, ಇತಿಹಾಸವನ್ನೂ ಓದಿರಬಹುದು. ಆದರೆ ಜೀವಶಾಸ್ತ್ರ, ಸಾಮಾನ್ಯ ರಸಾಯನಶಾಸ್ತ್ರ, ಸಾವಯವ ರಸಾಯನಶಾಸ್ತ್ರ, ಭೌತಶಾಸ್ತ್ರ ಇವುಗಳನ್ನು ಪ್ರಯೋಗಾಲಯ ಸಹಿತ ಒಂದೊಂದು ವರ್ಷ ಓದಿರಬೇಕೆಂದು ಬಹಳಷ್ಟು ಕಾಲೇಜುಗಳು ಕೇಳುತ್ತವೆ. ಜೊತೆಗೆ ಎಂಕ್ಯಾಟ್ ಪರೀಕ್ಷೆ. ಪದವಿ ಮುಗಿದ ಮೇಲೆ ಈ ವಿಜ್ಞಾನ ವಿಷಯಗಳನ್ನು ಓದುವುದಕ್ಕೆ 'ಪೋಸ್ಟ್‌ಬ್ಯಾಕ್' ಎನ್ನುತ್ತಾರೆ. ಅಲ್ಲಿ ನೆಲೆಸಿರುವ ನಮ್ಮ ಕುಟುಂಬಗಳ ಮಕ್ಕಳಿಗೆ ಇದು ಉಪಯೋಗಕ್ಕೆ ಬರುವ ವಿಷಯ. ಇಲ್ಲಿ ಎಂಬಿಬಿಎಸ್ ಮುಗಿಸಿದವರಿಗೆ ಇದು ಬೇಕಿಲ್ಲ. ಅವರ ದಾರಿ ಯುಎಸ್‌ಎಂಎಲ್‌ಇ ಪರೀಕ್ಷೆ ಮತ್ತು ರೆಸಿಡೆನ್ಸಿ.

ಎರಡು ದಾರಿಗಳು

ಮೊದಲನೆಯದು ಕಾಲೇಜೇ ನಡೆಸುವ ಕೋರ್ಸು. ಬ್ರಿನ್ ಮಾರ್, ಗೌಚರ್ ಮುಂತಾದ ಕಾಲೇಜುಗಳಲ್ಲಿ ಇಂಥವು ಇವೆ. ವಿಷಯಗಳ ಕ್ರಮ ಮೊದಲೇ ನಿಗದಿಯಾಗಿರುತ್ತದೆ. ಸಲಹೆಗಾರರಿರುತ್ತಾರೆ; ಹಲವು ಕಡೆ ಕಾಲೇಜಿನ ಸಮಿತಿಯೇ ಶಿಫಾರಸು ಪತ್ರ ಕೊಡುತ್ತದೆ. ಕೆಲವು ಕಾಲೇಜುಗಳು ನಿರ್ದಿಷ್ಟ ವೈದ್ಯಕೀಯ ಕಾಲೇಜುಗಳೊಂದಿಗೆ ಒಪ್ಪಂದ ಮಾಡಿಕೊಂಡಿವೆ. ಆ ಮೂಲಕ ಆಯ್ಕೆಯಾದವರಿಗೆ ಅರ್ಜಿ ಹಾಕಿ ಕಾಯುವ ಒಂದು ವರ್ಷ ಉಳಿಯುತ್ತದೆ. ಆದರೆ ಶುಲ್ಕ ಹೆಚ್ಚು, ಪ್ರವೇಶಕ್ಕೂ ಪೈಪೋಟಿ.

ಎರಡನೆಯದು ಸ್ವಂತ ಯೋಜನೆ. ಮನೆಗೆ ಹತ್ತಿರದ ವಿಶ್ವವಿದ್ಯಾಲಯದಲ್ಲಿ ಬೇಕಾದ ವಿಷಯಗಳಿಗೆ ಮಾತ್ರ ಹೆಸರು ನೋಂದಾಯಿಸಿ, ಕ್ರೆಡಿಟ್ ಲೆಕ್ಕದಲ್ಲಿ ಶುಲ್ಕ ಕಟ್ಟಿ ಓದುವುದು. ತಮ್ಮದೇ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯವಾದರೆ ಖರ್ಚು ಬಹಳ ಕಡಿಮೆ. ಹಗಲು ನೌಕರಿ ಮಾಡಿ ಸಂಜೆ ತರಗತಿಗೆ ಹೋಗುವವರಿದ್ದಾರೆ. ತೊಂದರೆಯೂ ಇದೆ: ಪದವಿಗೆ ಸೇರದ ವಿದ್ಯಾರ್ಥಿಗಳಿಗೆ ಸೀಟು ಸಿಗುವುದು ಹೆಚ್ಚಾಗಿ ಕೊನೆಯಲ್ಲಿ. ಪ್ರಯೋಗಾಲಯದ ತರಗತಿ ಭರ್ತಿಯಾದರೆ ಒಂದು ಸೆಮಿಸ್ಟರ್ ಕಾಯಬೇಕು. ಶಿಫಾರಸು ಪತ್ರಕ್ಕೆ ಪ್ರಾಧ್ಯಾಪಕರನ್ನು ತಾವೇ ಕೇಳಿಕೊಳ್ಳಬೇಕು. ಕಮ್ಯುನಿಟಿ ಕಾಲೇಜು ಇನ್ನೂ ಅಗ್ಗ. ಆದರೆ ಅಲ್ಲಿನ ವಿಜ್ಞಾನ ವಿಷಯಗಳನ್ನು ಎಲ್ಲ ವೈದ್ಯಕೀಯ ಕಾಲೇಜುಗಳೂ ಸಮಾನವಾಗಿ ಕಾಣುವುದಿಲ್ಲ.

ಮೊದಲು ಅಂಕಪಟ್ಟಿ ನೋಡಿ

ಕಾಲೇಜಿನ ಹೆಸರಿಗಿಂತ ಮೊದಲು ನೋಡಬೇಕಾದದ್ದು ನಿಮ್ಮ ಅಂಕಪಟ್ಟಿಯನ್ನು. ವಿಜ್ಞಾನವನ್ನು ಓದಿಯೇ ಇಲ್ಲವೇ? ಅಥವಾ ಓದಿ ಗ್ರೇಡ್ ಕಡಿಮೆ ಬಂದಿದೆಯೇ? ಇವೆರಡೂ ಬೇರೆ ಬೇರೆ ಕೊರತೆಗಳು. ಹೆಸರಾಂತ ಕೋರ್ಸುಗಳಲ್ಲಿ ಹಲವು ಮೊದಲನೆಯವರಿಗಾಗಿಯೇ ಇವೆ. ಆ ವಿಷಯಗಳನ್ನು ಈಗಾಗಲೇ ಓದಿದವರನ್ನು ಅವು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಗ್ರೇಡ್ ಸುಧಾರಿಸಿಕೊಳ್ಳಬೇಕಾದವರಿಗೆ ಬೇರೆ ಕೋರ್ಸುಗಳಿವೆ, ಇಲ್ಲವೇ ಸ್ವಂತ ಯೋಜನೆ ಇದೆ.

ಒಂದು ಲೆಕ್ಕ ನೋಡೋಣ. ಪದವಿಯಲ್ಲಿ 120 ಕ್ರೆಡಿಟ್‌ಗೆ 3.0 ಜಿಪಿಎ ಬಂದಿದೆ ಎಂದುಕೊಳ್ಳಿ. ಆಮೇಲೆ 30 ಕ್ರೆಡಿಟ್ ಓದಿ ಎಲ್ಲದರಲ್ಲೂ 4.0 ಪಡೆದರೂ ಒಟ್ಟು ಜಿಪಿಎ 3.2 ಮಾತ್ರ. ಅದೇ ವಿಷಯವನ್ನು ಮತ್ತೆ ಓದಿದರೆ ಹಳೆಯ ಗ್ರೇಡ್ ಅಳಿಸಿಹೋಗುವುದಿಲ್ಲ. ಎಂಡಿ ಕಾಲೇಜುಗಳ ಅರ್ಜಿ ವ್ಯವಸ್ಥೆಯಾದ ಆಮ್‌ಕಾಸ್ ಎರಡನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಹಾಗಾದರೆ ಶ್ರಮ ವ್ಯರ್ಥವೇ? ಇಲ್ಲ. ಅದೇ ಅರ್ಜಿಯಲ್ಲಿ ಪದವಿಯ ನಂತರದ ಗ್ರೇಡ್‌ಗಳು ಪ್ರತ್ಯೇಕ ಸಾಲಿನಲ್ಲೂ ಕಾಣುತ್ತವೆ. ವಿದ್ಯಾರ್ಥಿ ಈಗ ಹೇಗೆ ಓದುತ್ತಿದ್ದಾನೆ ಎಂಬುದನ್ನು ಆ ಸಾಲು ಹೇಳುತ್ತದೆ. ಹಾಗೆಯೇ ಈಗ ಬರುವ ಒಂದು ಕೆಟ್ಟ ಗ್ರೇಡ್ ಹಿಂದಿನದಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ. ಆದ್ದರಿಂದ ನೌಕರಿಯ ಜೊತೆ ಓದುವವರು ಒಮ್ಮೆಗೇ ನಾಲ್ಕು ವಿಷಯ ತೆಗೆದುಕೊಳ್ಳುವುದಕ್ಕಿಂತ ಎರಡನ್ನು ತೆಗೆದುಕೊಂಡು ಚೆನ್ನಾಗಿ ಓದುವುದು ಲೇಸು.

ವೀಸಾ ಮತ್ತು ಹಣ

ಎಫ್-1 ವೀಸಾದಲ್ಲಿರುವವರು ಪೂರ್ಣಾವಧಿ ಓದಲೇಬೇಕು. ಬಿಡಿ ವಿಷಯಗಳ ಸ್ವಂತ ಯೋಜನೆ ಅವರಿಗೆ ಹೊಂದುವುದು ಕಷ್ಟ. ಎಚ್-4 ವೀಸಾದಲ್ಲಿ ಓದಬಹುದು, ಆದರೆ ಮಕ್ಕಳಿಗೆ 21 ವರ್ಷ ತುಂಬಿದಾಗ ಅದು ಮುಗಿಯುತ್ತದೆ. ಅನೇಕ ವೈದ್ಯಕೀಯ ಕಾಲೇಜುಗಳು ಅಮೆರಿಕದ ಪ್ರಜೆಗಳನ್ನು ಮತ್ತು ಗ್ರೀನ್ ಕಾರ್ಡ್ ಇರುವವರನ್ನು ಮಾತ್ರ ಪರಿಗಣಿಸುತ್ತವೆ. ಇದನ್ನು ಶುಲ್ಕ ಕಟ್ಟುವ ಮೊದಲೇ ವಿಚಾರಿಸಬೇಕು.

ಒಮ್ಮೆ ಪದವಿ ಪಡೆದವರಿಗೆ ಈ ಓದಿಗೆ ಸರ್ಕಾರದ ಪೆಲ್ ಸಹಾಯಧನ ಸಿಗುವುದಿಲ್ಲ. ಹಾಗಾಗಿ ಬಹಳ ಮನೆಗಳಲ್ಲಿ ಉಳಿಯುವುದು ಬಡ್ಡಿಯ ಸಾಲ. ಪೋಸ್ಟ್‌ಬ್ಯಾಕ್ ಮುಗಿಸಿದ ಮಾತ್ರಕ್ಕೆ ವೈದ್ಯಕೀಯ ಸೀಟು ಖಚಿತವಲ್ಲ; ಸೀಟು ಸಿಗದಿದ್ದರೂ ಸಾಲ ಉಳಿಯುತ್ತದೆ.

ಅರ್ಜಿ ಹಾಕುವ ಮುನ್ನ ಬರೆದಿಟ್ಟುಕೊಳ್ಳಿ

1. ನನಗೆ ಯಾವ ಯಾವ ವಿಷಯ ಬಾಕಿ ಇದೆ?
2. ನಾನು ಸೇರಬೇಕೆಂದಿರುವ ವೈದ್ಯಕೀಯ ಕಾಲೇಜುಗಳು ಯಾವ ಕಡೆಯ ಓದನ್ನು ಒಪ್ಪುತ್ತವೆ?
3. ಶುಲ್ಕ, ಊಟ, ವಸತಿ, ಎಂಕ್ಯಾಟ್, ಅರ್ಜಿಯ ಖರ್ಚು ಸೇರಿ ಒಟ್ಟು ಎಷ್ಟು? ಅದರಲ್ಲಿ ಸಾಲವೆಷ್ಟು?
4. ಸೀಟು ಸಿಗದಿದ್ದರೆ ನನ್ನ ಜೀವನೋಪಾಯವೇನು?

ಯಾರೂ ಹೇಳಿಕೊಡದೆ ಈ ನಾಲ್ಕಕ್ಕೂ ಉತ್ತರ ಬರೆಯಬಲ್ಲ, ಶಿಸ್ತಿನಿಂದ ಓದಬಲ್ಲ ವಿದ್ಯಾರ್ಥಿಗೆ ಸ್ವಂತ ಯೋಜನೆ ಸಾಕು. ವಿಜ್ಞಾನಕ್ಕೆ ಪೂರ್ತಿ ಹೊಸಬರಾಗಿದ್ದು, ಮಾರ್ಗದರ್ಶನ ಬೇಕೆನಿಸಿ, ಹಣದ ಅನುಕೂಲವೂ ಇದ್ದವರು ಕಾಲೇಜಿನ ಕೋರ್ಸನ್ನು ಆರಿಸಿಕೊಳ್ಳಬಹುದು. ಪೋಷಕರು ಮಕ್ಕಳೊಂದಿಗೆ ಕೂತು ಈ ಲೆಕ್ಕ ಮಾಡಬೇಕು. ಸಾಲದ ಕಾಗದಕ್ಕೆ ಸಹಿ ಬೀಳುವ ಮೊದಲೇ ಮಾಡಬೇಕು.