ಕಾನೂನು ಬರಲಿ, ಬೀಜ ಆಮೇಲೆ

ಮೊಬೈಲಿಗೆ ಒಂದು ವಿಡಿಯೊ ಬರುತ್ತದೆ. ‘ಗಾಂಜಾ ಬೆಳೆಗೆ ಇನ್ನು ಪರವಾನಗಿ, ಎಕರೆಗೆ ಲಕ್ಷಗಟ್ಟಲೆ ಲಾಭ’ ಅಂತ ಯಾರೋ ಒದರಿರುತ್ತಾನೆ. ನೀವು ಅದನ್ನು ಪೂರ್ತಿ ನೋಡುವುದೂ ಇಲ್ಲ, ನಾಲ್ಕು ಗುಂಪಿಗೆ ಕಳಿಸಿಬಿಡುತ್ತೀರಿ. ಸಿಂಧನೂರಿನ ಚಹಾದಂಗಡಿಯಲ್ಲಿ ಹುಟ್ಟಿದ ಮಾತು ಸಂಜೆಯೊಳಗೆ ಮಸ್ಕಿ ದಾಟಿ ಲಿಂಗಸುಗೂರು ಮುಟ್ಟುತ್ತದೆ. ಅಲ್ಲೊಬ್ಬ ಹುಡುಗ ಅದನ್ನೇ ನಂಬಿ ತೊಗರಿ ಸಾಲಿನ ನಡುವೆ ನಾಲ್ಕು ಬೀಜ ಊರುತ್ತಾನೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ನಮ್ಮವರ ಹಳೆಯ ಚಾಳಿ. ಈ ಕುಲಾವಿ ಹೊಲಿಸಿದವರಿಗೆ ಮಾತ್ರ ಜೈಲು ಕಾದಿದೆ.

ನಿಮ್ಮ ಕಷ್ಟ ಗೊತ್ತಿಲ್ಲದೆ ಹೇಳುತ್ತಿಲ್ಲ. ಕಾಲುವೆಯ ಕೊನೆಭಾಗಕ್ಕೆ ನೀರು ಬರುವುದರೊಳಗೆ ಸಸಿಮಡಿ ಒಣಗಿರುತ್ತದೆ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ನೀವು ರಾತ್ರಿ ನಿದ್ದೆ ಮಾಡಲಿಲ್ಲ. 5ಎ ಕಾಲುವೆ ಬೇಕೆಂದು ಪಾಮನಕಲ್ಲೂರಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂತವರೂ ನೀವೇ. ಭತ್ತದ ದರ ದಲ್ಲಾಳಿ ಹೇಳಿದ್ದು, ಹತ್ತಿಯ ದರ ಜಿನ್ನಿಂಗ್ ಮಿಲ್ಲಿನವರು ಹೇಳಿದ್ದು. ಪಕ್ಕದ ಮಹಾರಾಷ್ಟ್ರದ ಸೋಲಾಪುರ ಜಿಲ್ಲೆಯ ಮೋಹೋಳ ತಾಲ್ಲೂಕಿನ ರೈತರೊಬ್ಬರು 2021ರಲ್ಲಿ ‘ಯಾವ ಬೆಳೆಗೂ ಬೆಲೆ ಇಲ್ಲ, ಗಾಂಜಾ ಬೆಳೆಯಲು ಅನುಮತಿ ಕೊಡಿ’ ಎಂದು ಜಿಲ್ಲಾಧಿಕಾರಿಗೆ ಅರ್ಜಿ ಬರೆದರು. ಅನುಮತಿ ಸಿಗಲಿಲ್ಲ. ಆದರೂ ಅವರು ಒಂದು ಕೆಲಸ ಸರಿಯಾಗಿ ಮಾಡಿದರು: ಬಿತ್ತುವ ಮೊದಲು ಕೇಳಿದರು.

ಈಗ ಕಾನೂನು ಏನು ಹೇಳುತ್ತದೆ, ಕೇಳಿಸಿಕೊಳ್ಳಿ. 1985ರ ಮಾದಕ ವಸ್ತು ತಡೆ ಕಾಯ್ದೆ, ಅಂದರೆ ಎನ್‌ಡಿಪಿಎಸ್, ಅನುಮತಿ ಇಲ್ಲದೆ ಗಾಂಜಾ ಗಿಡ ಬೆಳೆಯುವುದನ್ನೇ ಅಪರಾಧ ಮಾಡಿದೆ. 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ‘ಒಂದು ಕೆಜಿಯೊಳಗಿದ್ದರೆ ಸಣ್ಣ ಕೇಸು’ ಎಂದು ಕಟ್ಟೆಯ ಮೇಲೆ ಕೂತು ವಕೀಲಿಕೆ ಮಾಡುವವರನ್ನು ನಂಬಬೇಡಿ. ಆ ಒಂದು ಕೆಜಿ, 20 ಕೆಜಿ ಲೆಕ್ಕವೆಲ್ಲ ಗಾಂಜಾ ಇಟ್ಟುಕೊಂಡವರಿಗೆ, ಸಾಗಿಸುವವರಿಗೆ. ಬೆಳೆದವರಿಗೆ ಆ ರಿಯಾಯಿತಿಯನ್ನು ಕಾಯ್ದೆ ಬರೆದಿಲ್ಲ. ‘ಭಂಗಿ ಈ ಕಾಯ್ದೆಗೆ ಬರುವುದಿಲ್ಲ ಅಂತ 2022ರಲ್ಲಿ ನಮ್ಮ ಹೈಕೋರ್ಟೇ ಹೇಳಿತಲ್ಲ’ ಎನ್ನುವ ಜಾಣರೂ ಇದ್ದೀರಿ. ಅದು ಒಬ್ಬನ ಜಾಮೀನು ಅರ್ಜಿಯಲ್ಲಿ ಬಂದ ಮಾತು. ಹೊಲದಲ್ಲಿ ಗಿಡ ಹಾಕಲು ಕೊಟ್ಟ ಚೀಟಿಯಲ್ಲ. ಇನ್ನು ನಮ್ಮ ಸೀಮೆಯ ಕೆಲವು ಮಠ, ಗದ್ದುಗೆಗಳಲ್ಲಿ ಭಂಗಿ ಸೇದುವ ರೂಢಿ ಹಿಂದಿನಿಂದ ಬಂದದ್ದು ನಿಜ. ಆದರೆ ಶರಣರ ಹೆಸರು ಹೇಳಿದರೆ ಪಂಚನಾಮೆ ಬರೆಯುವ ಪೆನ್ನು ನಿಲ್ಲುವುದಿಲ್ಲ.

ತೊಗರಿ ಆಳೆತ್ತರ ಬೆಳೆದಾಗ ಒಳಗೇನಿದೆ ಎಂದು ರಸ್ತೆಗೆ ಕಾಣುವುದಿಲ್ಲ, ಅದೇ ಧೈರ್ಯ ನಿಮಗೆ. ಆದರೆ ಹೂ ಬಿಟ್ಟ ಗಿಡದ ವಾಸನೆ ಬದುವಿನ ಮೇಲೆ ಹೋಗುವವರಿಗೆಲ್ಲ ಹೊಡೆಯುತ್ತದೆ. ಆಮೇಲೆ ಒಂದು ಬೆಳಗ್ಗೆ ಜೀಪು ಬರುತ್ತದೆ. ಗಿಡ ಬೇರುಸಹಿತ ಕಿತ್ತು, ಎಣಿಸಿ, ತೂಕ ಹಾಕಿ, ನಿಮ್ಮನ್ನೇ ಪಕ್ಕಕ್ಕೆ ನಿಲ್ಲಿಸಿ ಫೋಟೊ ತೆಗೆಯುತ್ತಾರೆ. ಬೀಜ ಕೊಟ್ಟವನು, ‘ಬೆಳೆದುಕೊಡಿ, ನಾನೇ ಒಯ್ಯುತ್ತೇನೆ’ ಅಂದವನು, ಆ ಫೋಟೊದಲ್ಲಿ ಇರುವುದಿಲ್ಲ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವ ಜಾತಿ ಅದು.

ಹೊಲವನ್ನು ಲೀಜಿಗೆ ಕೊಟ್ಟು ಊರು ಬಿಟ್ಟವರಿಗೆ ಒಂದು ಮಾತು. ಬೆಂಗಳೂರಿಗೆ ಗುಳೆ ಹೋಗಿ ವರ್ಷಕ್ಕೊಮ್ಮೆ ಜಾತ್ರೆಗೆ ಬಂದು ದುಡ್ಡು ಎಣಿಸಿಕೊಂಡು ಹೋಗುವುದಷ್ಟೇ ಮಾಲೀಕತನವಲ್ಲ. ತಮ್ಮ ಜಮೀನಿನಲ್ಲಿ ಗಾಂಜಾ ಗಿಡ ಕಂಡರೆ ತಕ್ಷಣ ತಿಳಿಸುವುದು ಜಮೀನುದಾರನ ಕರ್ತವ್ಯ, ಗೊತ್ತಿದ್ದೂ ಸುಮ್ಮನಿದ್ದರೆ ಶಿಕ್ಷೆ ಎಂದು ಅದೇ ಕಾಯ್ದೆ ಹೇಳುತ್ತದೆ. ಬೆಳೆ ನಿಂತಾಗ ಒಮ್ಮೆ ಬಂದು ಸಾಲು ತಿರುಗಿ ನೋಡಿ. ಲೀಜಿನ ಕರಾರನ್ನು ಬಾಯಿಮಾತಿಗೆ ಬಿಡದೆ ಕಾಗದದ ಮೇಲೆ ಬರೆಸಿ, ಯಾವ ಬೆಳೆ ಅನ್ನುವುದನ್ನೂ ಸೇರಿಸಿ. ಬದುವಿನಲ್ಲಿ ತಾನಾಗಿ ಗಿಡ ಹುಟ್ಟಿದ್ದರೆ ‘ಇರಲಿ ಬಿಡು’ ಅನ್ನಬೇಡಿ, ಠಾಣೆಗೆ ತಿಳಿಸಿ.

ಹಾಗಾದರೆ ಕಾನೂನು ಬದಲಾಗುವುದೇ ಇಲ್ಲವೇ? ಆಗಬಹುದು. ನಾರಿಗೆ, ಬೀಜಕ್ಕೆ ಮಾತ್ರ ಬೆಳೆಯಲು ಅನುಮತಿ ಕೊಡುವ ದಾರಿ ಆ ಕಾಯ್ದೆಯಲ್ಲೇ ಇದೆ. ಉತ್ತರಾಖಂಡ 2018ರಲ್ಲಿ ಆ ದಾರಿ ಹಿಡಿಯಿತು. ಹಿಮಾಚಲದ ವಿಧಾನಸಭೆ 2024ರಲ್ಲಿ ಇಂಥ ಬೆಳೆಗೆ ಅನುಮತಿ ಕೊಡುವ ಬಗೆಗಿನ ವರದಿ ಒಪ್ಪಿತು. 2025ರ ಜನವರಿಯಲ್ಲಿ ಅಲ್ಲಿನ ಸಂಪುಟ ಪಾಲಂಪುರ ಮತ್ತು ನೌನಿ ವಿಶ್ವವಿದ್ಯಾಲಯಗಳಿಗೆ ಪ್ರಯೋಗ ಮಾಡಲು ಹೇಳಿತು. ಗಾಂಜಾ ಬೀಜ, ಬೀಜದ ಎಣ್ಣೆಯನ್ನು ಆಹಾರವಾಗಿ ಮಾರಲು 2021ರಲ್ಲೇ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ನಿಯಮ ಮಾಡಿದೆ. ಕರ್ನಾಟಕದ ರೈತರಿಗೆ ಇಂಥ ಪರವಾನಗಿ ವ್ಯವಸ್ಥೆ ಇನ್ನೂ ಬಂದಿಲ್ಲ.

ಬಂದರೂ ಅದು ನೀವು ಅಂದುಕೊಂಡ ಗಾಂಜಾ ಆಗಿರುವುದಿಲ್ಲ. ಉತ್ತರಾಖಂಡದಲ್ಲಿ ಅಮಲಿನ ಅಂಶ ಶೇ 0.3 ಮೀರಬಾರದು; ಮೀರಿದರೆ ನಿಂತ ಬೆಳೆಯನ್ನೇ ನಾಶ ಮಾಡಬೇಕು. ನಾಡಿನಲ್ಲಿ ಸಿಗುವ ಬೀಜ ಆ ಅಳತೆಯೊಳಗೆ ಇರುವುದೇ ಕಷ್ಟ. ಪ್ರಯೋಗಾಲಯದ ಖರ್ಚು ಯಾರದು, ಬೇಲಿಯ ಖರ್ಚು ಯಾರದು, ಬೆಳೆ ಸುಟ್ಟರೆ ವಿಮೆ ಉಂಟೇ? ಈ ಪ್ರಶ್ನೆಗಳಿಗೆ ಉತ್ತರವಿಲ್ಲದಿದ್ದರೆ ಎರಡೆಕರೆಯವರು ಹೊರಗೇ ಉಳಿಯುತ್ತೀರಿ, ಇನ್ನೂರೆಕರೆಯ ಕಂಪನಿ ಒಳಗೆ ಹೋಗುತ್ತದೆ. ಪರವಾನಗಿ ಬೆಳೆ ಹೇಗಿರುತ್ತದೆ ಎಂದು ನೋಡಬೇಕಾದರೆ ಮಂದಸೌರ್, ನೀಮಚ್, ಚಿತ್ತೋಡಗಢದ ಅಫೀಮು ಬೆಳೆಗಾರರನ್ನು ಕೇಳಿ. ಹೊಲ ಅಳೆಯುವುದು ಸರಕಾರ, ಬೆಲೆ ಕಟ್ಟುವುದು ಸರಕಾರ, ಗೊತ್ತುಪಡಿಸಿದಷ್ಟು ಇಳುವರಿ ಒಪ್ಪಿಸದಿದ್ದರೆ ಲೈಸನ್ಸೇ ಹೋಗುತ್ತದೆ.

ಹೊರದೇಶದ ಕಥೆಯೂ ಅಷ್ಟೇನೂ ಸಿಹಿಯಲ್ಲ. ಅಮೆರಿಕ 2018ರಲ್ಲಿ ಅಮಲಿಲ್ಲದ ತಳಿಗೆ ಬಾಗಿಲು ತೆರೆಯಿತು. ಮರುವರ್ಷ ಎಲ್ಲರೂ ಒಟ್ಟಿಗೆ ಬಿತ್ತಿ ದರ ನೆಲಕಚ್ಚಿತು. ಥಾಯ್ಲೆಂಡ್ 2022ರಲ್ಲಿ ನಿರ್ಬಂಧ ತೆಗೆದು ಮನೆಗಳಿಗೆ ಸಸಿ ಹಂಚಲು ಹೊರಟಿತು, 2025ರಲ್ಲಿ ವೈದ್ಯರ ಚೀಟಿ ಬೇಕೆಂದು ಮತ್ತೆ ಬಿಗಿ ಮಾಡಿತು. ಈರುಳ್ಳಿ, ಟೊಮ್ಯಾಟೊ ದರ ನೋಡಿದ ನಿಮಗೆ ಇದನ್ನು ಬಿಡಿಸಿ ಹೇಳಬೇಕೇ?

ಕೆಲಸದ ಮಾತಿಗೆ ಬರೋಣ. ‘ನಾರಿನ ಕಾರ್ಖಾನೆ ಬರುತ್ತದೆ, ಹೆಣ್ಣುಮಕ್ಕಳಿಗೆ ಊರಲ್ಲೇ ಕೂಲಿ’ ಎನ್ನುವವರನ್ನು ಒಂದು ಪ್ರಶ್ನೆ ಕೇಳಿ: ಪುಂಡಿ ಎಲ್ಲಿಗೆ ಹೋಯಿತು? ಅದರ ಎಲೆಯೂ ಗಾಂಜಾದ ಹಾಗೇ ಬೆರಳು ಬಿಡಿಸಿರುತ್ತದೆ. ಅದನ್ನು ಬೆಳೆಯಲು ಯಾರ ಅಪ್ಪಣೆಯೂ ಬೇಕಿಲ್ಲ. ಹಿಂದೆ ಪುಂಡಿ ಕಟ್ಟಿಗೆಯನ್ನು ಕಟ್ಟುಕಟ್ಟಿ ಹಳ್ಳದ ನೀರಿನಲ್ಲಿ ಕೊಳೆಹಾಕಿ, ಮೇಲೆ ಕಲ್ಲು ಹೇರಿ ಬಿಡುತ್ತಿದ್ದರು. ಕೊಳೆತ ಮೇಲೆ ಮೂಗು ಮುಚ್ಚಿಕೊಂಡು ಎತ್ತಿ, ಬಡಿದು, ತೊಗಟೆ ಸುಲಿದು, ತೊಳೆದು, ಬೇಲಿಯ ಮೇಲೆ ಹರವುತ್ತಿದ್ದರು. ಮಿಣಿ, ಕಣ್ಣಿ, ಬಾರುಕೋಲಿನವರೆಗೆ ಎಲ್ಲಕ್ಕೂ ಅದೇ ನಾರು. ಪ್ಲಾಸ್ಟಿಕ್ ಹಗ್ಗ ಬಂತು, ಎತ್ತು ಹೋಗಿ ಟ್ರ್ಯಾಕ್ಟರ್ ಬಂತು, ಪುಂಡಿ ಬರೀ ರೊಟ್ಟಿಯ ಜೊತೆಗಿನ ಪಲ್ಯವಾಗಿ ಉಳಿಯಿತು. ಕೊಳ್ಳುವವರಿಲ್ಲದೆ, ನಾರು ಬಿಡಿಸುವ ಯಂತ್ರ ಹತ್ತಿರದಲ್ಲಿಲ್ಲದೆ ಯಾವ ನಾರೂ ಕೂಲಿ ಕೊಡುವುದಿಲ್ಲ. ಹೊಸ ಗಿಡಕ್ಕೆ ಅರ್ಜಿ ಹಾಕುವವರು ಮೊದಲು ಪುಂಡಿಗೆ ಒಂದು ಮಿಲ್ ಕೇಳಿ ಎಂಬುದು ನನ್ನ ತಕರಾರು.

ಈ ನಡುವೆ ‘ಬೀಜ ನಾವು ಕೊಡುತ್ತೇವೆ, ಬೆಳೆ ನಾವೇ ಕೊಳ್ಳುತ್ತೇವೆ’ ಎಂದು ಕಾರಿನಲ್ಲಿ ಬರುವವರು ಇದ್ದೇ ಇರುತ್ತಾರೆ. ಎಮು ಹಕ್ಕಿ ಸಾಕಿಸುವಾಗಲೂ ಹೀಗೇ ಬಂದು ಕೈಕೊಟ್ಟಿದ್ದರು. ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿ. ಪಹಣಿ, ಆಧಾರ್, ಪಾಸ್‌ಬುಕ್ಕಿನ ನಕಲು ಕೊಡಬೇಡಿ. ಮುಂಗಡ ಕಟ್ಟಬೇಡಿ. ‘ಪರವಾನಗಿ ಇದೆ’ ಎಂದರೆ ಅದರಲ್ಲಿ ಯಾವ ಇಲಾಖೆಯ ಸಹಿ ಇದೆ, ನಿಮ್ಮ ಸರ್ವೆ ನಂಬರು ಇದೆಯೇ ನೋಡಿ, ಅದನ್ನು ಒಯ್ದು ತಹಶೀಲ್ದಾರರ ಕಚೇರಿಯಲ್ಲಿ, ರೈತ ಸಂಪರ್ಕ ಕೇಂದ್ರದಲ್ಲಿ ತೋರಿಸಿ. ರಾಯಚೂರಿನಲ್ಲೇ ಕೃಷಿ ವಿಶ್ವವಿದ್ಯಾಲಯ ಇದೆ, ಬಸ್ ಚಾರ್ಜಿಗೆ ಹಿಂದೆ ಮುಂದೆ ನೋಡಬೇಡಿ. ಒಬ್ಬೊಬ್ಬರೇ ಹೋಗುವ ಬದಲು ರೈತ ಉತ್ಪಾದಕರ ಕಂಪನಿ ಇದ್ದರೆ ಅದರ ಹೆಸರಿನಲ್ಲಿ ಹೋಗಿ. ನಾಳೆ ನಿಯಮ ಬರೆಯುವಾಗ ಸಣ್ಣ ಹಿಡುವಳಿಗೆ ಪಾಲು ಇಡಿ ಎಂದು ಕೇಳಲು ಆ ಹೆಸರೇ ಬೇಕಾಗುತ್ತದೆ.

ಕೇಸು ಆಗಿಯೇ ಹೋಗಿದ್ದರೆ ಓಡಿಹೋಗಬೇಡಿ. ‘ದುಡ್ಡು ಕೊಟ್ಟರೆ ಬಿಡಿಸುತ್ತೇನೆ’ ಎನ್ನುವವನ ಕೈಗೆ ಎಮ್ಮೆ ಮಾರಿದ ಹಣ ಇಡಬೇಡಿ. ತಾಲ್ಲೂಕಿನ ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಇರುತ್ತದೆ. ಬಂಧನದಲ್ಲಿ ಇರುವವರಿಗೆ, ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ ಅಲ್ಲಿ ವಕೀಲರು ಪುಕ್ಕಟೆ. ಗಂಡ ಒಳಗಿದ್ದರೆ ಹೆಂಡತಿಯೇ ಹೋಗಿ ಅರ್ಜಿ ಕೊಡಬಹುದು. ಎಫ್‌ಐಆರ್ ಪ್ರತಿ, ಪಹಣಿ, ಲೀಜಿನ ಕಾಗದ, ರೇಷನ್ ಕಾರ್ಡು ಒಂದು ಚೀಲದಲ್ಲಿ ಹಾಕಿಕೊಂಡು ಕೋರ್ಟು ತೆರೆಯುವ ಹೊತ್ತಿಗೇ ಹೋಗಿ ಕೂತಿರಿ.